ಭಾವನ ವ್ಯಾಪಾರದ ಪುಸ್ತಕಗಳು

ಇವತ್ತು ಗಾಂಧಿಬಜಾರಿನ ಅಂಗಡಿಯಲ್ಲಿ ಹೊಸ ಪುಸ್ತಕವೊಂದನ್ನು ಮೂಸಿ ನೋಡಿದೆ. ಮೊದಲು ಮೂಸುವುದು ನನ್ನ ಅಭ್ಯಾಸ. ಓದುವುದು ಆಮೇಲಿನ ಮಾತು. ವ್ಯಾಪಾರದಲ್ಲಿ ಗೆಲ್ಲುವುದು ಹೇಗೆಂದು ಹೇಳಿಕೊಡುವ ದಪ್ಪ ಪುಸ್ತಕ. ಅಂಥವನ್ನು ನೀವೂ ಕಂಡಿರುತ್ತೀರಿ. ಆ ವಾಸನೆಗೆ ಚಾಮರಾಜಪೇಟೆಯ ಭಾವ ನೆನಪಾದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ನಲವತ್ತು ದಾಟಿದ ಮೇಲೆ ಅವರಿಗೆ ಮದುವೆ ಪತ್ರಿಕೆಗಳ ಅಂಗಡಿ ಇಡುವ ಆಸೆ ಹುಟ್ಟಿತು. ಆಸೆಯೇನೋ ಒಳ್ಳೆಯದೇ, ಸಲಹೆ ಕೇಳಿದ್ದು ಮಾತ್ರ ಇಂಥದೇ ಒಂದು ದಪ್ಪ ಪುಸ್ತಕವನ್ನು. ಹಿಂದೆ ತಿರುಗಿ ನೋಡುವವನು ಗೆಲ್ಲುವುದಿಲ್ಲ ಎಂದು ಅದು ದಪ್ಪಕ್ಷರದಲ್ಲಿ ಹೇಳಿತ್ತು. ಒಂದು ಭಾನುವಾರ ಊಟದ ಕೊನೆಗೆ ಭಾವ, ನಾಳೆ ರಾಜೀನಾಮೆ ಕೊಡುತ್ತೇನೆಂದು ಪ್ರಕಟಿಸಿದರು. ನಾನು ಮಜ್ಜಿಗೆ ಕುಡಿಯುತ್ತಿದ್ದೆ, ಕುಡಿಯುತ್ತಲೇ ಇದ್ದೆ. ಇಂಥ ಹೊತ್ತಿನಲ್ಲಿ ನನ್ನ ಧೈರ್ಯ ಅಷ್ಟೇ.

ತಟ್ಟೆ ಎತ್ತುತ್ತಿದ್ದ ಅಕ್ಕ ಭಾವನ ಪಕ್ಕದಲ್ಲಿದ್ದ ಪುಸ್ತಕ ನೋಡಿ ಕೇಳಿದಳು: “ಇದನ್ನ ಬರ್ದೋರು ಯಾವ ಅಂಗಡಿ ಇಟ್ಟಿದ್ರಂತೆ?”

ಭಾವ ಪುಸ್ತಕದ ಹಿಂಬದಿ ತಿರುಗಿಸಿ ಓದಿದರು. “ಅಂಗಡಿ ಏನೂ ಇಲ್ಲ ಕಣೇ. ಪುಸ್ತಕ ಬರೀತಾರೆ, ಭಾಷಣ ಮಾಡ್ತಾರೆ.”

“ಹಾಗಾದ್ರೆ ಅವರ ವ್ಯಾಪಾರ ಚೆನ್ನಾಗೇ ನಡೀತಿದೆ ಬಿಡಿ. ಗಿರಾಕಿ ನೀವೇ.”

ಮಾತು ತಮಾಷೆಯದೇ, ಆದರೆ ಅಕ್ಕನ ದನಿ ನಡುಗುತ್ತಿತ್ತು. ಭಾವನಿಗೂ ಅದು ಕೇಳಿಸಿರಬೇಕು. ಸೋಮವಾರ ಎಂದಿನಂತೆ ಕೆಲಸಕ್ಕೆ ಹೋಗಿ ಬಂದರು. ಸಂಜೆ ನನ್ನನ್ನು ಹಳೆ ಪುಸ್ತಕದಂಗಡಿಗೆ ಎಳೆದುಕೊಂಡು ಹೋದರು.

ಬರೆದವರು ಯಾರು, ಯಾವ ವ್ಯಾಪಾರ ಮಾಡಿದ್ದರು, ಎಲ್ಲಿ ಎಡವಿದರು ಎಂದು ಅಲ್ಲಿದ್ದ ವ್ಯಾಪಾರದ ಪುಸ್ತಕಗಳ ಪುಟಗಳನ್ನು ನಿಂತಲ್ಲೇ ತಿರುವಿದೆವು. ಎಲ್ಲೂ ಎಡವದವರೇ ಹೆಚ್ಚು. ಕೊನೆಗೆ ತೆಳ್ಳಗಿನದೊಂದು ಸಿಕ್ಕಿತು. ಮುದ್ರಣಾಲಯ ನಡೆಸಿ, ಮುಚ್ಚಿದವರು ಬರೆದದ್ದು. ಮದುವೆ ಮುರಿದರೆ ಅಚ್ಚಾದ ಪತ್ರಿಕೆಗಳನ್ನು ಯಾರೂ ಒಯ್ಯುವುದಿಲ್ಲ, ಆ ಮನೆಯವರ ಹತ್ತಿರ ಹೋಗಿ ದುಡ್ಡು ಕೇಳಲು ಬಾಯಿಯೂ ಬರುವುದಿಲ್ಲ ಎಂದು ಒಂದಿಡೀ ಅಧ್ಯಾಯ.

“ಇದು ನಂಗೆ ಹೊಳೆದೇ ಇರ್ಲಿಲ್ವಲ್ಲೋ” ಎಂದರು ಭಾವ.

ರಾಜೀನಾಮೆ ಮುಂದಕ್ಕೆ ಹೋಯಿತು. ರಜೆ ಸಿಕ್ಕಾಗಲೆಲ್ಲ ಸುಲ್ತಾನ್‌ಪೇಟೆಯ ಸ್ನೇಹಿತರ ಪತ್ರಿಕೆ ಅಂಗಡಿಯಲ್ಲಿ ಕೂತು ಕೆಲಸ ಕಲಿತರು. ಒಂದೆರಡು ವರ್ಷದ ಮೇಲೆ ಅದೇ ಬೀದಿಯಲ್ಲಿ ತಮ್ಮದೇ ಅಂಗಡಿ ತೆರೆದರು. ಪೂಜೆಯ ದಿನ ಗಲ್ಲಾದಲ್ಲಿ ಅಕ್ಕನನ್ನು ಕೂರಿಸಿದರು.

ಇವತ್ತಿನ ಪುಸ್ತಕದಲ್ಲೂ ಬರೆದವರು ಎಲ್ಲಿ ಎಡವಿದರೆಂದು ಹುಡುಕಿದೆ. ‘ಆರಂಭದಲ್ಲಿ ಕೆಲವು ಸವಾಲುಗಳಿದ್ದವು’ ಎಂಬ ಒಂದೇ ಸಾಲು. ಇದ್ದಲ್ಲೇ ಇಟ್ಟು, ಓದದೆ ಉಳಿದ ಹೊತ್ತಿನಲ್ಲಿ ಸುಲ್ತಾನ್‌ಪೇಟೆಗೆ ಹೋದೆ. ಭಾವ ಹೆಣ್ಣಿನ ಕಡೆಯವರೊಬ್ಬರಿಗೆ ಪತ್ರಿಕೆಗಳ ಮಾದರಿ ತೋರಿಸುತ್ತಿದ್ದರು. “ಬಾ, ಕೂತ್ಕೋ” ಎಂದವರು ತಲೆಯೆತ್ತಲಿಲ್ಲ. ಆ ಗಿರಾಕಿ ಎದ್ದು ಹೋಗುತ್ತಲೇ ಇನ್ನೊಬ್ಬರು ಬಂದರು. ಬಹಳ ಹೊತ್ತು ಕೂತಿದ್ದರೂ ನನ್ನೊಡನೆ ಮಾತಾಡಲು ಭಾವನಿಗೆ ಪುರುಸೊತ್ತೇ ಆಗಲಿಲ್ಲ. ತುಂಬ ಸಂತೋಷದಿಂದ ಮನೆಗೆ ಬಂದೆ.