ಎರಡನೆಯ ಪಾರಿವಾಳ

ಶಕುನ, ಪವಾಡ ಅಂದರೆ ಮೂಗು ಮುರಿಯುತ್ತಿದ್ದವನು ನಾನು. ಕಡತದಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎಂಬುದು ತಿರುವನಂತಪುರದ ಪಟ್ಟಂ ಬಡಾವಣೆಯ ಸೈನ್ಯದ ದಾಖಲೆ ಕಚೇರಿಯಲ್ಲಿ ಗುಮಾಸ್ತನಾಗಿ ಕಲಿತ ವಿದ್ಯೆ. ನೀವು ನಂಬಲಿ ಎಂದು ಇದನ್ನು ಬರೆಯುತ್ತಿಲ್ಲ, ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಬರೆಯುತ್ತಿದ್ದೇನೆ.

ಎರ್ನಾಕುಲಂನಿಂದ ಬಾಳಪ್ಪ ಎಂಬ ಮುದುಕರು ನಮ್ಮ ಕಚೇರಿಗೆ ಅಲೆಯುತ್ತಿದ್ದರು. ಬೆಳಗಾವಿ ಕಡೆಯವರು, ಸೈನ್ಯದಲ್ಲಿ ಸಂದೇಶದ ಪಾರಿವಾಳ ಸಾಕಿದವರು. ಎಷ್ಟೋ ವರ್ಷಗಳ ಹಿಂದಿನ ಯುದ್ಧದಲ್ಲಿ ಅವರ ಜೊತೆಗಾರ ಜೋಸೆಫ್ ಮುಂಚೂಣಿ ಠಾಣೆಯಲ್ಲಿದ್ದ. ಒಂದೇ ಸಂದೇಶವನ್ನು ಎರಡು ಹಕ್ಕಿಗಳಿಗೆ ಕಟ್ಟಿ ಬಿಡುವುದು ಅವರ ಪದ್ಧತಿ. ಒಂದು ಹಕ್ಕಿ ಕಾಲು ಕಳೆದುಕೊಂಡು, ಚೀಟಿಯಿಲ್ಲದೆ ಬಂತು. ಇನ್ನೊಂದು ಬರಲೇ ಇಲ್ಲ. ಜೋಸೆಫನೂ ಬರಲಿಲ್ಲ. ಮೇಲಿನವರು 'ಓಡಿಹೋದವನು' ಎಂದು ಬರೆದು ಕೈತೊಳೆದುಕೊಂಡರು. ಆ ಒಂದು ಪದ ಅಳಿಸಬೇಕು, ಅದೂ ಅವನ ಹೆಂಡತಿ ಏಲಿಯಮ್ಮ ಬದುಕಿರುವಾಗಲೇ ಎಂದು ಬಾಳಪ್ಪ ಅವನ ಊರಾದ ಎರ್ನಾಕುಲಂನಲ್ಲೇ ನೆಲೆಸಿಬಿಟ್ಟಿದ್ದರು.

ಆವತ್ತು ಮಧ್ಯಾಹ್ನ ಊಟ ಮುಗಿಸಿ, ಅವರ ಅರ್ಜಿಗೆ 'ಆಧಾರವಿಲ್ಲ' ಎಂಬ ಕೊನೆಯ ಉತ್ತರವನ್ನು ಟೈಪ್ ಮಾಡುತ್ತಿದ್ದೆ. ಕಿಟಕಿಯಿಂದ ಒಂದು ಪಾರಿವಾಳ ಬಂದು ಅದೇ ಕಡತದ ಮೇಲೆ ಕೂತಿತು. ಕಾಲಿಗೆ ಸಣ್ಣ ಕೊಳವೆ. ಒಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ: ಸುತ್ತುವರಿದಿದ್ದಾರೆ, ಕೊನೆಯವರೆಗೆ ಇಲ್ಲೇ ಇರುತ್ತೇನೆ, ಜೋಸೆಫ್. ಹಕ್ಕಿ ನನ್ನ ಲೋಟದ ನೀರು ಕುಡಿದು ಹಾರಿಹೋಯಿತು. ಮೇಲಧಿಕಾರಿ ಬಿದ್ದು ಬಿದ್ದು ನಕ್ಕರು. "ಚಾಲೈ ಬಜಾರಿನಲ್ಲಿ ಕೊಂಡ ಹಕ್ಕಿ ಕಣಯ್ಯಾ, ಮುದುಕನದೇ ಆಟ."

ಮರುದಿನ ರೈಲು ಹತ್ತಿ ಎರ್ನಾಕುಲಂಗೆ ಹೋದೆ. ಅಕ್ಷರ ನೋಡಿದ್ದೇ ಬಾಳಪ್ಪ ಚೀಟಿಯನ್ನು ಕಣ್ಣಿಗೊತ್ತಿಕೊಂಡು ಅತ್ತರು. ಆಮೇಲೆ ಪೆನ್ನು ಕೊಟ್ಟರು.

"ತಮ್ಮಾ, ಹಕ್ಕಿ ಬಂದು ಮುಟ್ಟಿದ ಹೊತ್ತು ಬರದು ಸಹಿ ಮಾಡು. ಹಿಡದಾಂವನ ಸಹಿ ಇಲ್ಲಂದ್ರ ಅದು ಬರೇ ಕಾಗದ ಐತಿ."

ಏಲಿಯಮ್ಮ ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದರು. ನಮ್ಮ ಕನ್ನಡ ತಿಳಿಯದಿದ್ದರೂ ನನ್ನ ಕೈಯನ್ನೇ ನೋಡುತ್ತಿದ್ದರು. ನನಗೆ ಕಚೇರಿಯ ನಗು ನೆನಪಾಯಿತು, ಬಡ್ತಿ ನೆನಪಾಯಿತು. "ನಾಳೆ ನೋಡೋಣ ಯಜಮಾನರೇ" ಎಂದೆ. ಅವರು ಪೆನ್ನು ವಾಪಸು ತೆಗೆದುಕೊಂಡರು.

ಸಹಿಯಿಲ್ಲದ ಚೀಟಿಯನ್ನೇ ಅವರು ಅರ್ಜಿಗೆ ಲಗತ್ತಿಸಿ ಕಳಿಸಿದರು. 'ಸ್ವೀಕರಿಸಿದವರ ಸಹಿ ಇಲ್ಲ' ಎಂದು ಅದೂ ತಿರಸ್ಕೃತವಾಯಿತು. ಆ ಪತ್ರ ಟೈಪ್ ಮಾಡಿದ ಪಾಪಿಯೂ ನಾನೇ.

ಬಾಳಪ್ಪ, ಏಲಿಯಮ್ಮ ಇಬ್ಬರೂ ಈಗಿಲ್ಲ. ಸಂದೇಶದ ಹಕ್ಕಿ ತನ್ನ ಗೂಡಿಗಲ್ಲದೆ ಬೇರೆಡೆ ಹೋಗುವುದಿಲ್ಲವಂತೆ. ಅಷ್ಟು ವರ್ಷ ಅದು ಎಲ್ಲಿತ್ತು, ನನ್ನ ಮೇಜಿಗೇ ಏಕೆ ಬಂತು, ಇವತ್ತಿಗೂ ತಿಳಿದಿಲ್ಲ. ಕಡತದಲ್ಲಿ ಓಡಿಹೋದವನು ಈಗಲೂ ಜೋಸೆಫನೇ. ಅಲ್ಲಿ ಯಾರ ಹೆಸರಿರಬೇಕಿತ್ತು ಎಂಬುದು ಮಾತ್ರ ನನಗೆ ಗೊತ್ತು.