ನಾಯಿಗೆ ಹಾಕಿದ ಬೀಗ

ಮೋಡ ಕವಿದರೆ ಸಾಕು, ಎದ್ದು ಹೋಗಿ ನಾಯಿಯನ್ನು ನೋಡಿ ಬರುತ್ತೇನೆ. ಬೆಳಗಿನಿಂದ ಎಷ್ಟು ಸಲ ಹೋದೆನೋ, ಲೆಕ್ಕ ತಪ್ಪಿದೆ.

ಹೋದ ವರ್ಷ ವೀರನಹೊಸಹಳ್ಳಿ ಕಾಡಿನ ಕಡೆಯಿಂದ ಬಂದ ಚಿರತೆ ಪಕ್ಕದ ಮನೆಯ ನಾಯಿಯನ್ನು ಹೊತ್ತೊಯ್ದಿತ್ತು. ನಮ್ಮದೋ ಸರಪಳಿಯ ಕೊಂಡಿ ಜಾರಿಸಿಕೊಂಡು ಓಡಿಹೋಗುವಂಥದ್ದು. ಹುಣಸೂರಿನಿಂದ ಚಿಕ್ಕ ಬೀಗವೊಂದನ್ನು ತಂದು ಸರಪಳಿಯನ್ನು ಅದರ ಕೊರಳಪಟ್ಟಿಗೆ ಸೇರಿಸಿ ಹಾಕಿಬಿಟ್ಟೆ. ಇನ್ನು ಭಯವಿಲ್ಲ ಅಂದುಕೊಂಡೆ.

ಅದೇ ಮಳೆಗಾಲದ ಒಂದು ಮಧ್ಯಾಹ್ನ ಲಕ್ಷ್ಮಣತೀರ್ಥ ಹೊಳೆ ಉಕ್ಕಿತು. ಹೊಳೆ ಬದಿಯವರೆಲ್ಲ ಶಾಲೆಗೆ ಹೋಗಿ ಎಂದು ಪಂಚಾಯಿತಿಯ ಆಟೋ ಕೂಗಿಕೊಂಡು ಬಂತು. ಮನೆಯಲ್ಲಿದ್ದದ್ದು ನಾನು ಮತ್ತು ಅತ್ತೆ. ಕೊಟ್ಟಿಗೆಗೆ ಆಗಲೇ ನೀರು ನುಗ್ಗಿತ್ತು. ಅತ್ತೆ ದನಗಳಿಗೆ ಹಾಕುವುದು ಇಳಿಬಿಟ್ಟ ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟು. ನಾಲ್ಕು ಸಲ ಎಳೆದರು, ನಾಲ್ಕು ದನವೂ ಅಂಗಳ ದಾಟಿದವು. ನಾಯಿ ಮಾತ್ರ ಕಂಬದ ಹತ್ತಿರ ಸರಪಳಿ ಜಗ್ಗುತ್ತಾ ನಿಂತಿತ್ತು. ಬೀಗದ ಕೀಲಿ ಸಿಗಲಿಲ್ಲ.

"ಚಿರ್ತೆ ಬಾಯಿಂದ ತಪ್ಸಿ ಒಳೆಗೆ ಕೊಡ್ತಾ ಇದ್ದೀಯಲ್ಲವ್ವ!" ಎಂದು ಅತ್ತೆ ಕಿರುಚಿದರು.

ಆಮೇಲೆ ನಾನು ಕುಡುಗೋಲು ತಂದು ಕೊರಳಪಟ್ಟಿಯನ್ನು ಕೊಯ್ದೆ. ಮೊಣಕಾಲು ಮಟ್ಟದ ನೀರಿನಲ್ಲಿ ನಾಯಿಯನ್ನು ಎತ್ತಿಕೊಂಡು ಬಂದೆ. ನಾನು ಬರೆದಿಟ್ಟ ದಿನಚರಿಯಲ್ಲಿ ಹಾಗೇ ಇದೆ. ಆದರೆ ಕೊಟ್ಟಿಗೆಯ ಗೋಡೆಯ ಮೇಲೆ ಉಳಿದ ಕೆಸರಿನ ಗೆರೆ ನನ್ನ ಪಾದದ ಗಂಟನ್ನೂ ಮುಟ್ಟುವುದಿಲ್ಲ. ಕುಡುಗೋಲು ಜಾರಿ ಆದ ಗಾಯದ ಗುರುತು ಇರುವುದು ಅತ್ತೆಯ ಹೆಬ್ಬೆರಳಿನ ಮೇಲೆ. ಹಾಗಾದರೆ ಆ ಹೊತ್ತಿನಲ್ಲಿ ನಾನು ಎಲ್ಲಿದ್ದೆ? ಒಳಗೆ ಕೀಲಿ ಹುಡುಕುತ್ತಿದ್ದೆನೆ? ಅತ್ತೆಯನ್ನು ಕೇಳಿದರೆ ಗೊತ್ತಾಗುತ್ತದೆ. ಇನ್ನೂ ಕೇಳಿಲ್ಲ.

ಈ ಸಲ ಬೀಗವಿಲ್ಲ. ಹೊಳೆ ಬಂದರೆ ಎತ್ತಿಕೊಂಡು ಓಡಲು ಬಾಗಿಲ ಬಳಿ ಒಂದು ಚೀಲವಿದೆ: ರಾಗಿಹಿಟ್ಟು, ತಟ್ಟೆ, ಹಳೇ ಸೀರೆಯ ತುಂಡು, ನಾಯಿಗೆ ಹಾಕಿಸಿದ ಇಂಜೆಕ್ಷನ್ನಿನ ಚೀಟಿ. ಆದರೆ ಬರೀ ಹಗ್ಗದಲ್ಲಿ ಕೊಟ್ಟಿಗೆಯಲ್ಲಿ ಕಟ್ಟಿದರೆ ಕಡಿದುಕೊಂಡು ಓಡುತ್ತದೆ, ಹೊರಗೆ ಚಿರತೆ. ನಿನ್ನೆ ಧೈರ್ಯ ಮಾಡಿ ಕೇಳಿದೆ:

"ಅತ್ತೆ, ಮಳೆ ಮುಗಿಯೋತನಕ ಪಡಸಾಲೇಲಿ ಕಟ್ಕೊಳ್ಳಲಾ?"

"ಈ ಮನೇಲಿ ನಾಯಿ ಒಸ್ಲು ದಾಟಿದ್ದುಂಟಾ?" ಅಂದರು. ಅಂಗಳಕ್ಕಿಳಿದು ಮೋಡ ನೋಡಿ ಬಂದು, "ಕಟ್ಕೊ ಓಗು. ಅಡ್ಗೆಮನೆಗೆ ಕಾಲಿಟ್ರೆ ಇಬ್ರೂ ಆಚ್ಗೇ ಕಣವ್ವ" ಅಂದರು.

ಕಿಟಕಿಯ ಸರಳಿಗೆ ಗಂಟು ಹಾಕುವುದನ್ನೂ ಅವರೇ ಕಲಿಸಿದರು. "ಅಂಗಲ್ಲ ಕಣವ್ವ. ಅಷ್ಟೆಲ್ಲ ಓದ್ದೋಳ್ಗೆ ಒಂದ್ ಗಂಟು ಬರಲ್ವಾ? ಬಿಗಿಯೋಕ್ ಮುಂಚೆ ಬಿಚ್ಚೋದ ನೆನೀ."

ಇವತ್ತು ಸಂಜೆ, ನೀರು ಕತ್ತಲಲ್ಲಿ ನುಗ್ಗಿದರೂ ಬಿಚ್ಚಲು ಬರಬೇಕೆಂದು ಕಣ್ಣು ಮುಚ್ಚಿಕೊಂಡು ಐದು ಸಲ ಬಿಚ್ಚಿ ನೋಡಿದೆ. ನಾಲ್ಕು ಸಲ ಬಿಚ್ಚಿಕೊಂಡಿತು. ಐದನೆಯ ಸಲ ಎಳೆಯಬೇಕಾದ ತುದಿ ಕೈಗೇ ಸಿಗಲಿಲ್ಲ. ನಾಯಿ ನನ್ನ ಮುಖವನ್ನೇ ನೋಡುತ್ತಿತ್ತು. ಮತ್ತೆ ಮೊದಲಿನಿಂದ ಕಟ್ಟಿದೆ.