ರಕ್ಕಸಿಗೊಂದು ಕುರ್ಚಿ

ಆ ಬೀದಿಯ ಅರ್ಧದಷ್ಟು ಮುದುಕರು ನಗುತ್ತಿದ್ದದ್ದು ಅವಳು ಮಾಡಿಕೊಟ್ಟ ನಗು. ದಂತವೈದ್ಯರ ಕ್ಲಿನಿಕ್ಕಿನ ಹಿಂದೆ, ಎರಡು ಮೆಟ್ಟಿಲು ಇಳಿದು ಹೋಗಬೇಕಾದ ಕೋಣೆಯಲ್ಲಿ ಮೂವತ್ತೈದು ವರ್ಷಗಳಿಂದ ಹಲ್ಲಿನ ಸೆಟ್ ಮಾಡುತ್ತಿದ್ದ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಹಲ್ಲಕ್ಕ ಎಂದೇ. ಹತ್ತೊಂಬತ್ತರ ವಯಸ್ಸಿನಲ್ಲಿ ಪ್ಲಾಸ್ಟರ್ ಕಲಸಿದ ಬಟ್ಟಲು ತೊಳೆಯಲು ಸೇರಿದವಳು, ತೊಳೆಯುತ್ತ ತೊಳೆಯುತ್ತಲೇ ಕೆಲಸವನ್ನು ಕಣ್ಣಲ್ಲಿ ಕದ್ದುಕೊಂಡಿದ್ದಳು. ಬಾಯಿಯ ಅಚ್ಚು ಕೈಗೆ ಬಂದರೆ ಅವಳಿಗೆ ಸಾಲದು. ಆ ಮನುಷ್ಯನ ಹಳೆಯ ಫೋಟೋ ಒಂದು ಬೇಕು. ಹರೆಯದಲ್ಲಿ ಮುಂದಿನ ಹಲ್ಲು ಕೂದಲೆಳೆಯಷ್ಟು ಓರೆ ಇದ್ದಿತೆಂದರೆ ಸೆಟ್ಟಿನಲ್ಲೂ ಅಷ್ಟೇ ಓರೆ ಇರಬೇಕು.

"ತೀರಾ ನೆಟ್ಟಗಿದ್ರೆ ಅದು ಹಲ್ಲಲ್ಲ, ಕಾಂಪೌಂಡ್ ಗೋಡೆ" ಎನ್ನುವಳು.

ಅವಳ ಇನ್ನೊಂದು ಹುಚ್ಚು ಶುರುವಾದದ್ದೂ ಅದೇ ಕೋಣೆಯಲ್ಲಿ. ಹಡಗಿನ ಅಡುಗೆಯವನೊಬ್ಬ ಹಲ್ಲು ಕಟ್ಟಿಸಿಕೊಳ್ಳಲು ಬಂದು, ಸೆಟ್ ಸಿದ್ಧವಾಗುವವರೆಗಿನ ಆರು ಭೇಟಿಗಳಲ್ಲಿ ಅವಳಿಗೊಂದು ಆಟ ಕಲಿಸಿ ಹೋದ. ಮೇಜಿನ ಸುತ್ತ ನಾಲ್ಕೈದು ಜನ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗುವುದು: ಒಬ್ಬ ಕತ್ತಿವೀರ, ಒಬ್ಬ ಮಂತ್ರವಾದಿ, ಒಬ್ಬಳು ಕಳ್ಳಿ. ಕಥೆ ನಡೆಸುವವರು ಒಬ್ಬರು. "ಮುಂದೆ ಗುಹೆ, ಒಳಗೆ ಗೊರಕೆ ಸದ್ದು, ಏನ್ಮಾಡ್ತೀರಿ?" ಎಂದು ಅವರು ಕೇಳಿದರೆ ಆಡುವವರು ತಮಗೆ ತೋಚಿದ್ದು ಹೇಳಬೇಕು. ಹೇಳಿದ್ದು ಫಲಿಸಿತೋ ಇಲ್ಲವೋ ಎಂಬುದು ಇಪ್ಪತ್ತು ಮುಖದ ದಾಳಕ್ಕೆ ಬಿಟ್ಟದ್ದು, ದೊಡ್ಡ ಅಂಕಿ ಬಿದ್ದರೆ ಗೆಲುವು. ಹಲ್ಲಕ್ಕ ಆಟದ ನಿಯಮಗಳನ್ನೆಲ್ಲ ಕ್ಲಿನಿಕ್ಕಿನ ಹಳೆಯ ರಿಜಿಸ್ಟರಿನಲ್ಲಿ ತನ್ನ ಮಾತಿನಲ್ಲಿ ಬರೆದುಕೊಂಡಳು. ಸೆಟ್ ಮಾಡಿ ಮಿಕ್ಕ ಮೇಣದಲ್ಲಿ ಹೆಬ್ಬೆರಳುದ್ದದ ಬೊಂಬೆಗಳನ್ನು ಮಾಡಿದಳು. ವೀರರು ನೋಡಲು ಸುಮಾರಾಗಿದ್ದರು; ರಾಕ್ಷಸರ ಹಲ್ಲುಗಳು ಮಾತ್ರ ಲೋಕೋತ್ತರವಾಗಿದ್ದವು.

ಹನ್ನೊಂದು ವರ್ಷಗಳಿಂದ ಭಾನುವಾರ ಮಧ್ಯಾಹ್ನ ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ಆಟ. ಕಥೆ ನಡೆಸುವವಳು ಹಲ್ಲಕ್ಕ, ಆಡುವವರು ಮೂರು ಜನ. ಅವಳ ಅಕ್ಕ, ಕಳ್ಳಿಯ ಪಾತ್ರ. ಲಿಫ್ಟ್ ರಿಪೇರಿಯವನು, ಮಂತ್ರವಾದಿ. ಮಾತು ಕಡಿಮೆ, ಬಿಸ್ಕತ್ತು ಜಾಸ್ತಿ. ಮೂರನೆಯವರು ಅಕ್ಕನ ಗಂಡ, ಹಲ್ಲಕ್ಕನ ಭಾವ. ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಯಾವ ಬಸ್ಸು ಎಷ್ಟು ಗಂಟೆಗೆ ಹೊರಟಿತು, ಎಷ್ಟು ತಡವಾಗಿ ಬಂತು ಎಂದು ದಿನವಿಡೀ ಬರೆಯುವ ಮನುಷ್ಯ ಆಟದಲ್ಲಿ ಕತ್ತಿವೀರ. ಅಲ್ಲಿಯೂ ಒಂದು ನೋಟ್‌ಬುಕ್ ಇಟ್ಟಿದ್ದರು. ಎಷ್ಟು ಗುಹೆ ಹೊಕ್ಕೆವು, ಎಷ್ಟು ರಾಕ್ಷಸರನ್ನು ಕೊಂದೆವು, ಎಲ್ಲ ದಿನಾಂಕ ಸಮೇತ.

ನಾಲ್ಕನೆಯವಳು ಬಂದದ್ದು ತನ್ನ ತಾಯಿಯ ಸೆಟ್ ಒಯ್ಯಲು. ನೀರು ಸರಬರಾಜು ಕಚೇರಿಯ ದೂರಿನ ಕಿಟಕಿಯಲ್ಲಿ ಕೂರುವವಳು. ನಲ್ಲಿಯಲ್ಲಿ ನೀರು ಬರದವರು, ಕೆಸರು ಬಂದವರು, ಪಕ್ಕದ ಮನೆಗೆ ಜಾಸ್ತಿ ಬಂತೆಂದು ಹೊಟ್ಟೆ ಉರಿಯುವವರು ಎಲ್ಲರೂ ಬೆಳಗಿನಿಂದ ಸಂಜೆಯವರೆಗೆ ಅವಳ ಮೇಲೆ ಹರಿಹಾಯುತ್ತಿದ್ದರು. ಕಪಾಟಿನಲ್ಲಿ ಸಾಲಾಗಿ ನಿಂತ ಬೊಂಬೆಗಳನ್ನು ಕಂಡು ಇವೇನೆಂದು ಕೇಳಿದಳು. ಹಲ್ಲಕ್ಕ ಹೇಳಿದಳು. ಮುಂದಿನ ಭಾನುವಾರ ಅವಳು ಬಂದು ಕುರ್ಚಿ ಎಳೆದುಕೊಂಡಳು. ಭಾವ ಅವಳಿಗೆ ಆಗಲೇ ದೂರಮ್ಮ ಎಂದು ಹೆಸರಿಟ್ಟಿದ್ದರು.

"ಯಾವ ಪಾತ್ರ ಬೇಕಮ್ಮ? ಬಿಲ್ಲುಗಾರ್ತಿ ಇದಾಳೆ, ವೈದ್ಯೆ ಇದಾಳೆ" ಎಂದಳು ಹಲ್ಲಕ್ಕ.

ದೂರಮ್ಮ ಮೂಲೆಯಲ್ಲಿದ್ದ ಕೋರೆಹಲ್ಲಿನ ದಪ್ಪ ಬೊಂಬೆಯ ಕಡೆ ಬೆರಳು ತೋರಿಸಿದಳು. "ನಾನು ಈ ರಕ್ಕಸಿ ಆಗ್ತೀನಿ."

ಭಾವ ಹಾವು ತುಳಿದವರಂತೆ ಎದ್ದು ನಿಂತರು. "ಅದಾಗಲ್ಲ! ಅದು ನಾವು ಕೊಲ್ಲೋದು. ಆಡೋದಲ್ಲ."

"ಯಾಕೆ ಸಾರ್?"

"ಯಾಕೆ ಅಂದ್ರೆ? ರಾಕ್ಷಸರೂ ನಮ್ಮ ಜೊತೆ ಕೂತು ಟೀ ಕುಡಿದ್ರೆ, ನಾವು ಹೆದರೋದು ಯಾರಿಗೆ?"

"ನೋಡಿ ಸಾರ್, ಸೋಮವಾರದಿಂದ ಶನಿವಾರದವರೆಗೂ ನಾನು 'ಆಯ್ತು ಸರ್, ನೋಡ್ತೀವಿ ಮೇಡಂ' ಅಂತ ಹಲ್ಲು ಕಿರಿದುಕೊಂಡೇ ಇರ್ತೀನಿ. ವಾರಕ್ಕೊಂದು ಮಧ್ಯಾಹ್ನ ಹಲ್ಲು ಕಡಿಯೋಣ ಅಂತ. ವೈದ್ಯೆ ಆಗೋಕೆ ಇಲ್ಲಿಗೇ ಬರಬೇಕಾ?"

ಅಕ್ಕ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಭಾವ ನೋಟ್‌ಬುಕ್ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟೇ ಹೋದರು.

ಹಲ್ಲಕ್ಕ ಆ ಕ್ಷಣಕ್ಕೆ ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ಅದು ಅವಳ ಸ್ವಭಾವ. ಅರೆಬೆಂದ ಮಾತು ಅವಳ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಆ ವಾರವೆಲ್ಲ ಪಾಲಿಶ್ ಯಂತ್ರದ ಮುಂದೆ ಕೂತು ಅದನ್ನೇ ಮೆಲುಕು ಹಾಕಿದಳು. ರಾಕ್ಷಸರನ್ನು ಆಡಬಾರದು ಎಂದು ಹಡಗಿನವನು ಹೇಳಿರಲಿಲ್ಲ. ರಿಜಿಸ್ಟರಿನ ಮೊದಲ ಪುಟದಲ್ಲಿ ಅದನ್ನು ಬರೆದವಳು ತಾನೇ. ಯಾಕೆ ಬರೆದೆ ಎಂದು ನೆನಪಿಸಿಕೊಳ್ಳಲು ನೋಡಿದಳು, ಹೊಳೆಯಲಿಲ್ಲ. ಆದರೆ ಭಾವ ಕೇಳಿದ್ದನ್ನೂ ತಳ್ಳಿಹಾಕುವಂತಿರಲಿಲ್ಲ. ಕೊಂಬು ಅಂಟಿಸಿಕೊಂಡ ಸಭ್ಯ ಹೆಂಗಸೊಬ್ಬಳು ಗುಂಪಿನಲ್ಲಿ ಓಡಾಡಿದರೆ ರಕ್ಕಸಿ ಎಂಬ ಮಾತಿಗೇ ಬೆಲೆ ಉಳಿಯುವುದಿಲ್ಲ.

ಶನಿವಾರ ಅವಳು ರಿಜಿಸ್ಟರ್ ತೆಗೆದು ಆ ಸಾಲನ್ನು ಹೊಡೆದುಹಾಕಿ, ಕೆಳಗೆ ಹೊಸದಾಗಿ ಬರೆದಳು. ಭಾನುವಾರ ದೂರಮ್ಮನಿಗೆ ಓದಿ ಹೇಳಿದಳು.

"ರಕ್ಕಸಿ ಆಗು. ಆದ್ರೆ ಪೂರ್ತಿ ರಕ್ಕಸಿನೇ ಆಗ್ಬೇಕು. ಬಾಗಿಲುಗಳಲ್ಲಿ ನಿನ್ನ ಮೈ ತೂರಲ್ಲ. ಮೂರು ದಿನ ಊಟ ಸಿಗದಿದ್ರೆ ಜೊತೆಯಲ್ಲಿರೋರನ್ನೂ ಬೇರೆ ಥರ ನೋಡೋಕೆ ಶುರು ಮಾಡ್ತೀಯ. ಆಗ ದಾಳ ಹಾಕಬೇಕು. ಊರೊಳಗೆ ಹೋದ್ರೆ ಜನ ಕಲ್ಲು ಎತ್ತಿಕೊಳ್ತಾರೆ. ನಾನು ಯಾವುದರಲ್ಲೂ ಕನಿಕರ ತೋರಿಸಲ್ಲ. ಒಪ್ಪಿಗೆನಾ?"

"ಕಲ್ಲು ಎತ್ತಿಕೊಳ್ಳೋರು ನನಗೇನು ಹೊಸಬರಲ್ಲಕ್ಕ" ಎಂದಳು ದೂರಮ್ಮ.

ಭಾವ ಎರಡು ಭಾನುವಾರ ಬರಲಿಲ್ಲ. ಮೂರನೆಯದಕ್ಕೆ ಅಕ್ಕ ಅವರನ್ನು ದರದರ ಎಳೆದುಕೊಂಡೇ ಬಂದಳು. "ಮನೇಲಿ ಕೂತು ಗಡಿಯಾರ ನೋಡ್ತಾ ನನ್ನ ಪ್ರಾಣ ತಿಂತಾರೆ. ಇಲ್ಲೇ ಇಟ್ಕೊಳ್ಳೆ ಇವರನ್ನ" ಎಂದು ತಂಗಿಗೆ ಒಪ್ಪಿಸಿದಳು. ಅವರು ದೂರಮ್ಮನಿಂದ ಆದಷ್ಟು ದೂರದ ಕುರ್ಚಿ ಹಿಡಿದರು. ಕತ್ತಿವೀರನಾಗಿ ಆಡಿದರೂ ರಕ್ಕಸಿ ಎಂಬುವಳೊಬ್ಬಳು ಇದ್ದಾಳೆ ಎನ್ನುವುದನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಕಥೆಯಲ್ಲಿ ಗುಂಪು ಆವತ್ತು ಒಂದು ಹೊಳೆಯ ದಂಡೆಗೆ ಬಂದಿತ್ತು. ಸೇತುವೆ ಮುರಿದಿತ್ತು. ರಕ್ಕಸಿ ಒಬ್ಬೊಬ್ಬರನ್ನೇ ಹೆಗಲ ಮೇಲೆ ಹೊತ್ತು ದಾಟಿಸಬೇಕು, ಬೇರೆ ದಾರಿಯಿಲ್ಲ. ಕಳ್ಳಿ ದಾಟಿದಳು, ಮಂತ್ರವಾದಿ ದಾಟಿದ. ಕತ್ತಿವೀರನ ಸರದಿ ಬಂದಾಗ ದೂರಮ್ಮ ಹೊಳೆಯ ನಡುವೆ ನಿಂತುಬಿಟ್ಟಳು.

"ವೀರರೇ, ಒಂದು ಮಾತು. ನೀವು ನಮ್ಮೋರನ್ನ ಕೊಂದಿದೀರಾ?"

ಭಾವ ನೋಟ್‌ಬುಕ್ಕಿನ ಮೇಲೆ ಕೈಯಿಟ್ಟರು. ಸುಳ್ಳು ಹೇಳಬಹುದಿತ್ತು. ಆದರೆ ಟೈಮ್‌ಕೀಪರ್ ಮನುಷ್ಯ. ಕೇಳಿದ್ದಕ್ಕೆ ದಾಖಲೆ ನೋಡದೆ ಉತ್ತರ ಕೊಟ್ಟು ಗೊತ್ತಿಲ್ಲ. ಅಭ್ಯಾಸಬಲದಿಂದ ನೋಟ್‌ಬುಕ್ ಬಿಡಿಸಿ, ಬೆರಳು ಓಡಿಸಿ, "ನಲವತ್ತಮೂರು" ಎಂದರು.

ಲಿಫ್ಟಿನವನ ಬಿಸ್ಕತ್ತು ಬಾಯಿಯ ಹತ್ತಿರವೇ ನಿಂತಿತು.

"ಅವರ ಹೆಸರು ಬರೆದಿದೀರಾ?" ದೂರಮ್ಮನ ದನಿ ದೂರಿನ ಕಿಟಕಿಯ ದನಿಯಾಗಿರಲಿಲ್ಲ.

ಭಾವ ಪುಟ ತಿರುವಿದರು, ಮತ್ತೆ ತಿರುವಿದರು. ಆಮೇಲೆ ನೋಟ್‌ಬುಕ್ ಮುಚ್ಚಿ, ಎದ್ದು, ಹೊರಗಿನ ಮೆಟ್ಟಿಲಿಗೆ ಹೋಗಿ ಕೂತರು.

ಹಲ್ಲಕ್ಕ ಉಳಿದವರಿಗೆ ಟೀ ಬಗ್ಗಿಸಿಕೊಳ್ಳಲು ಹೇಳಿ ಅವರ ಹಿಂದೆಯೇ ಹೋದಳು. ಸೋತವರ ಮುಂದೆ ಬೀಗುವ ಬುದ್ಧಿ ಅವಳಿಗೆ ಇರಲೇ ಇಲ್ಲ. ಪಕ್ಕದ ಮೆಟ್ಟಿಲಲ್ಲಿ ಕೂತಳು.

"ನನ್ನನ್ನ ಕಟುಕನ ಹಾಗೆ ಮಾಡಿಬಿಟ್ರಲ್ಲ" ಎಂದರು ಭಾವ.

"ಆಟ ಭಾವ."

"ಅದನ್ನೇ ನಾನೂ ಹೇಳೋದು. ಡಿಪೋದಲ್ಲಿ ಬೆಳಗ್ಗೆ ಒಬ್ಬ ಡ್ರೈವರ್ ತಡವಾಗಿ ಬರ್ತಾನೆ. ತಾಯಿಗೆ ಹುಷಾರಿಲ್ಲ ಅಂತಾನೆ. ನಿಜ ಇರಬಹುದು, ನಿದ್ದೆ ಮಾಡಿ ಎದ್ದು ಬಂದಿರಬಹುದು. ತಡ ಅಂತ ಬರೆದ್ರೆ ಅವನ ಒಂದು ದಿನದ ಸಂಬಳ ಹೋಯ್ತು, ಬರೀದಿದ್ರೆ ನನ್ನ ನಿಯತ್ತು ಹೋಯ್ತು. ದಿನಕ್ಕೆ ಹತ್ತು ಸಲ ಇದೇ. ಇವನು ಒಳ್ಳೆಯವನಾ, ಕೆಟ್ಟವನಾ? ಭಾನುವಾರ ಒಂದಿನ ಅದನ್ನ ಯೋಚನೆ ಮಾಡಬೇಕಾಗಿರಲಿಲ್ಲ. ಕೋರೆಹಲ್ಲು ಇದ್ಯಾ, ಹೊಡಿ. ಅಷ್ಟೇ. ನನಗೆ ಅದೊಂದು ಸುಖ ಇತ್ತಮ್ಮ."

ಹಲ್ಲಕ್ಕ ಹನ್ನೊಂದು ವರ್ಷ ಈ ಮನುಷ್ಯನನ್ನು ಮೇಜಿನ ಆಚೆ ಕೂರಿಸಿಕೊಂಡಿದ್ದಳು. ಅವರು ಯಾಕೆ ಬರುತ್ತಾರೆಂದು ಒಮ್ಮೆಯೂ ಕೇಳಿರಲಿಲ್ಲ.

"ನಿಮ್ಮ ಮಾತು ಸುಳ್ಳಲ್ಲ ಭಾವ" ಎಂದಳು. "ಹಾಗಂತ ಅವಳ ಕುರ್ಚಿ ಕಿತ್ಕೊಳ್ಳೋಕೂ ನನ್ನಿಂದಾಗಲ್ಲ. ಹೆದರೋದು ಯಾರಿಗೆ ಅಂತ ಕೇಳಿದ್ರಲ್ಲ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಮುಂದಿನ ವಾರ ಕಥೆ ನೀವೇ ನಡೆಸಿ. ನೀವೇ ಹೆದರಿಸಿ ನಮ್ಮನ್ನ."

"ನಾನಾ? ನನಗೆಲ್ಲಿ ಬರುತ್ತೆ!"

"ಹನ್ನೊಂದು ವರ್ಷದ ನೋಟ್‌ಬುಕ್ ಇದೆ. ನನಗಿಂತ ಚೆನ್ನಾಗಿ ಗೊತ್ತು ನಿಮಗೆ." ಅಷ್ಟು ಹೇಳಿ, ಒಳಗೆ ಹೋಗಿ ತನ್ನ ರಿಜಿಸ್ಟರ್ ತಂದು ಅವರ ಮಡಿಲಲ್ಲಿಟ್ಟಳು. ಅದನ್ನು ಅವಳು ಯಾರಿಗೂ ಮುಟ್ಟಲು ಬಿಟ್ಟವಳಲ್ಲ.

ಆ ವಾರ ಭಾವ ಎರಡು ಬಸ್ಸುಗಳ ವೇಳೆ ತಪ್ಪಾಗಿ ಬರೆದರಂತೆ. ಅಕ್ಕನೇ ಹೇಳಿದ್ದು.

ಭಾನುವಾರ ಭಾವ ಕಥೆಗಾರನ ಕುರ್ಚಿಯಲ್ಲಿ ಕೂತು ರಿಜಿಸ್ಟರನ್ನೂ ನೋಟ್‌ಬುಕ್ಕನ್ನೂ ಪಕ್ಕಪಕ್ಕ ಜೋಡಿಸಿಟ್ಟರು. ಹಲ್ಲಕ್ಕ ಮೊಟ್ಟಮೊದಲ ಬಾರಿಗೆ ಆಡುವವರ ಸಾಲಿನಲ್ಲಿ ಕೂತಿದ್ದಳು. ಇಡೀ ಲೋಕವನ್ನೇ ಕಟ್ಟಿದವಳು ತನಗೆ ಆರಿಸಿಕೊಂಡದ್ದು ಗಾಡಿಯಲ್ಲಿ ಬ್ರೆಡ್ಡು ಮಾರುವ ಒಬ್ಬ ಸಾಧಾರಣ ಹೆಂಗಸಿನ ಪಾತ್ರ.

ಭಾವ ಶುರುಮಾಡಿದರು. ಒಂದು ಊರು. ಊರಿನಾಚೆ ಒಬ್ಬ ರಕ್ಕಸ. ಆತ ಕೂಗಾಡುವುದಿಲ್ಲ, ಬಾಗಿಲು ಒಡೆಯುವುದಿಲ್ಲ. ದಿನಾ ಸರಿಯಾಗಿ ನಾಲ್ಕೂ ಹತ್ತಕ್ಕೆ ಬಂದು ಒಂದು ಮನೆಯ ಮುಂದೆ ನಿಲ್ಲುತ್ತಾನೆ. ಒಂದು ನಿಮಿಷ ಮೊದಲೂ ಅಲ್ಲ, ಒಂದು ನಿಮಿಷ ತಡವೂ ಅಲ್ಲ. ನಿಂತ ಮನೆಯಲ್ಲಿ ಮರುದಿನ ಒಬ್ಬರು ಕಡಿಮೆ. ಭಾವ ಅದನ್ನು ಡಿಪೋದ ವೇಳಾಪಟ್ಟಿ ಓದುವ ದನಿಯಲ್ಲಿ, ಏರಿಳಿತವಿಲ್ಲದೆ ಹೇಳಿದರು. ಅದಕ್ಕೇ ಮೈ ಜುಮ್ಮೆಂದಿತು.

ರಕ್ಕಸಿಯೇ ಮುಂದೆ ಹೋಗಿ ಅವನನ್ನು ಮಾತಾಡಿಸಿದಳು. "ಅಣ್ಣ, ನಾನೂ ನಿಮ್ಮೋಳೇ. ಯಾಕೆ ಹೀಗೆ ಮಾಡ್ತೀಯ? ಹಸಿವಾ?"

"ಹಸಿವಿಲ್ಲ" ಎಂದರು ಭಾವ, ರಕ್ಕಸನಾಗಿ. "ಇಷ್ಟ."

ದೂರಮ್ಮ ಬೆಚ್ಚಿಬಿದ್ದಳು. ಅವನು ರಾಕ್ಷಸ ಎನ್ನುವುದಕ್ಕಲ್ಲ, ತನ್ನ ಹಾಗೆಯೇ ಇದ್ದೂ ಹಾಗಾದ ಎನ್ನುವುದಕ್ಕೆ. ರಕ್ಕಸಿ ಹಲ್ಲು ಕಡಿದಳು. ಕಾದಾಟ ಒಂದೂವರೆ ಗಂಟೆ ನಡೆಯಿತು. ಕಳ್ಳಿ ಗಾಯಗೊಂಡಳು, ಮಂತ್ರವಾದಿಯ ಮಂತ್ರ ಮುಗಿದುಹೋಯಿತು. ಕಡೆಗೆ ಉಳಿದದ್ದು ರಕ್ಕಸಿ ಮತ್ತು ಬ್ರೆಡ್ಡಿನವಳು. ಹಲ್ಲಕ್ಕ ಗಾಡಿಯನ್ನೇ ಇಳಿಜಾರಿನಲ್ಲಿ ರಕ್ಕಸನ ಮೇಲೆ ಬಿಟ್ಟೆ ಎಂದು ಕೂಗಿ ದಾಳ ಎಸೆದಳು. ಹತ್ತೊಂಬತ್ತು ಬಿತ್ತು, ರಕ್ಕಸ ಉರುಳಿದ. ಐವತ್ತು ದಾಟಿದ ಹೆಂಗಸು ಕುರ್ಚಿಯಿಂದ ಎಗರಿ ಚಪ್ಪಾಳೆ ಹೊಡೆದಳು.

ಬೆವರು ಒರೆಸಿಕೊಳ್ಳುತ್ತ ದೂರಮ್ಮ ಕಥೆಗಾರರ ಕಡೆ ತಿರುಗಿದಳು. "ಸಾರ್, ನನ್ನ ಜೀವ ಬಾಯಿಗೆ ಬಂದಿತ್ತು. ಇಷ್ಟು ಕೆಟ್ಟೋನನ್ನ ಎಲ್ಲಿಂದ ತಂದ್ರಿ?"

ಭಾವನ ಮುಖ ಅರಳಿದ್ದನ್ನು ಅಕ್ಕ ಮೊಣಕೈಯಿಂದ ತಿವಿದು ತಂಗಿಗೆ ತೋರಿಸಿದಳು. "ನಾನು ಮಾತ್ರ ರಾಕ್ಷಸನ ಪಾತ್ರ ಮಾಡಲ್ಲ, ಸತ್ರೂ ಮಾಡಲ್ಲ" ಎಂದರು ಅವರು ಗತ್ತಿನಲ್ಲಿ. "ಆದ್ರೆ ಈಯಮ್ಮ ಎದುರಿಗೆ ಇದ್ರೆ ಹೆದರಿಸೋಕೆ ಒಂಥರಾ ಚೆನ್ನಾಗಿರುತ್ತೆ."

ಅಂದಿನಿಂದ ತಿಂಗಳಿಗೊಂದು ಭಾನುವಾರ ಭಾವನದೇ ಕಥೆ ಎಂದಾಯಿತು. ಆ ದಿನ ಹಲ್ಲಕ್ಕ ಎಲ್ಲರಿಗಿಂತ ಮೊದಲೇ ಬಂದು, ಬಾಗಿಲಿಗೆ ಎದುರಾಗಿರುವ ಕುರ್ಚಿ ಹಿಡಿದು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಾಳೆ. ಯಾಕೆ ಇಷ್ಟು ಬೇಗ ಎಂದು ಯಾರಾದರೂ ಕೇಳಿದರೆ ಅವಳ ಉತ್ತರ ಇಷ್ಟೇ: "ಮುಂದೇನಾಗುತ್ತೆ ಅಂತ ಗೊತ್ತಿಲ್ವಲ್ಲ, ಅದಕ್ಕೆ."